ಒಂದು ಪವನಿನ ಬಾಣದ ಮೊನೆ

ಕಳೆದ ವರ್ಷ ಆಗಸ್ಟಿನಲ್ಲಿ, ಮಂಗಳೂರಿನ ಮಳೆ ಇನ್ನೂ ಬಿಡುವ ಲಕ್ಷಣವೇ ಇಲ್ಲದ ಒಂದು ಬೆಳಗ್ಗೆ, ಕೊಲರಾಡೋದಲ್ಲಿರುವ ಭಾವ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದರು. ಡೈನಿಂಗ್ ಟೇಬಲ್ ಮೇಲೆ ಸಾಲಾಗಿ ಆರು ಬಾಣದ ಮೊನೆಗಳು. ಕೆಳಗೆ ಒಂದೇ ಸಾಲು: "ಭಾವ, ನೀನು ಮೆಕ್ಯಾನಿಕಲ್ ಅಲ್ವಾ, ಇದರಲ್ಲಿ ಯಾವುದು ತಗೊಳ್ಳಲಿ?"

(ಅಕ್ಕನ ಗಂಡ ನನಗೆ ಭಾವ, ನಾನೂ ಅವರಿಗೆ ಭಾವ. ನಮ್ಮ ಊರಿನ ಲೆಕ್ಕವೇ ಹಾಗೆ.)

ವಿಷಯ ಎಂತ ಅಂದ್ರೆ, ಭಾವನಿಗೆ ಎಲ್ಕ್ ಬೇಟೆಗೆ ಲೈಸೆನ್ಸ್ ಸಿಕ್ಕಿತ್ತು. ಬಂದೂಕಲ್ಲ, ಬಿಲ್ಲು. ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡ ದಾಯಾದಿ ಅಂದುಕೊಳ್ಳಿ. ಹಿಂದೆ ದಕ್ಷಿಣ ಭಾರತಕ್ಕೆ, ಸಿಲೋನಿಗೆ ಬಂದ ಬ್ರಿಟಿಷ್ ಬೇಟೆಗಾರರು ನಮ್ಮ ಕಡವೆಯನ್ನೇ ಎಲ್ಕ್ ಅಂತ ಕರೆಯುತ್ತಿದ್ದರು. ಅಮೆರಿಕದ ಎಲ್ಕ್ ಬೇರೆ ಜಾತಿ, ಗಂಡು ಸುಮಾರು 300 ಕಿಲೋ ತೂಗುತ್ತದೆ. ಕೊಲರಾಡೋದಲ್ಲಿ ಇವು ಎರಡೂವರೆ ಲಕ್ಷಕ್ಕಿಂತ ಹೆಚ್ಚಿವೆ. ಸೆಪ್ಟೆಂಬರ್ ಅವುಗಳ ಬೆದೆಯ ಕಾಲ, ಬಿಲ್ಲಿನವರ ಸೀಸನ್ನೂ ಅದೇ.

ಅಕ್ಕನಿಗೆ ಇದು ಸುತಾರಾಂ ಇಷ್ಟವಿರಲಿಲ್ಲ. ಕೊಲ್ಲುವುದು ತಪ್ಪು ಅಂತ ಅಲ್ಲ, ಅವಳು ಕೋರಿ ರೊಟ್ಟಿ ಬಿಡುವವಳಲ್ಲ. ಅವಳು ಕೇಳಿದ್ದು ಒಂದೇ: "ತಾಗಿದ ಮೇಲೂ ಓಡಿಹೋಗಿ, ಎಲ್ಲೋ ಕಾಡಲ್ಲಿ ಮೂರು ದಿನ ನರಳಿ ಸತ್ತರೆ?"

ಮೊನೆ ಆರಿಸುವ ಪ್ರಶ್ನೆ ನಿಜವಾಗಿ ಇದೇ. ಉಳಿದದ್ದೆಲ್ಲ ಅಂಗಡಿಯವರ ಮಾತು.

ಗುಂಡು ಕೊಲ್ಲುವುದು ಹೊಡೆತದ ಬಲದಿಂದ. ಬಾಣದ ಕೆಲಸ ಹಾಗಲ್ಲ, ಅದು ಕೊಯ್ಯಬೇಕು. ಎರಡೂ ಶ್ವಾಸಕೋಶಗಳನ್ನು ಸೀಳಿಕೊಂಡು ಆಚೆ ಬದಿಯಿಂದ ಹೊರಗೆ ಹೋದರೆ ಪ್ರಾಣಿ ಬೇಗ ಬೀಳುತ್ತದೆ. ಅರ್ಧದಲ್ಲೇ ನಿಂತರೆ ಅಕ್ಕ ಹೇಳಿದ ಹಾಗೇ ಆಗುತ್ತದೆ. ಭಾವನ ಬಿಲ್ಲಿನ ಎಳೆತ 55 ಪೌಂಡು. ಬಾಣ 29 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 70 ಮೀಟರ್. ಲೆಕ್ಕ ಹಾಕಿದರೆ ಕೈಗೆ ಸಿಗುವ ಶಕ್ತಿ 70 ಜೌಲ್ ಚಿಲ್ಲರೆ. ಏಳು ಕಿಲೋ ಅಕ್ಕಿಯ ಚೀಲ ಸೊಂಟದ ಎತ್ತರದಿಂದ ನೆಲಕ್ಕೆ ಬಿದ್ದರೆ ಬರುವಷ್ಟು! ಬೇಟೆಯ ರೈಫಲ್‌ನಲ್ಲಾದರೆ ಇದು 3000 ದಾಟುತ್ತದೆ. ಆ 70 ಜೌಲ್‌ನಲ್ಲೇ ಕೂದಲು, ದಪ್ಪ ಚರ್ಮ, ಪಕ್ಕೆಲುಬು ಎಲ್ಲ ದಾಟಬೇಕು.

ಫೋಟೊದಲ್ಲಿದ್ದ ಆರರಲ್ಲಿ ಮೂರು ಮಡಚುವ ಅಲಗಿನವು. ಹಾರುವಾಗ ಅಲಗು ಒಳಗೆ ಮಡಚಿರುತ್ತದೆ, ತಾಗಿದ ಕ್ಷಣ ಬಿಚ್ಚಿಕೊಂಡು ಎರಡು ಇಂಚು ಅಗಲಕ್ಕೆ ಕೊಯ್ಯುತ್ತದೆ. ಭಾವನ ಮನಸ್ಸು ಅದರ ಮೇಲೇ ಇತ್ತು. ಕಾರಣವೂ ಸರಿಯೇ: ಪ್ರಾಕ್ಟೀಸಿನ ಬಾಣ ಎಲ್ಲಿ ಹೋಗಿ ನಾಟುತ್ತದೋ ಇದೂ ಅಲ್ಲಿಗೇ ಹೋಗುತ್ತದೆ. ಇನ್ನು ಮೂರು ಅಲಗು ಗಟ್ಟಿಯಾಗಿ ಕೂತಿರುವವು. ಇವಕ್ಕೆ ಗಾಳಿ ಹಿಡಿಯುತ್ತದೆ. ಬಿಲ್ಲನ್ನು ಸರಿಯಾಗಿ ಟ್ಯೂನ್ ಮಾಡದಿದ್ದರೆ ಬಾಣ ಎತ್ತೆತ್ತಲೋ ಹೋಗುತ್ತದೆ.

ನಾನು ಹೇಳಿದೆ, "ಮಡಚುವುದು ಬೇಡ ಭಾವ. ಬಿಚ್ಚಿಕೊಳ್ಳುವುದಕ್ಕೂ ಶಕ್ತಿ ಬೇಕು, ಅಗಲ ಜಾಸ್ತಿಯಾದಷ್ಟೂ ಒಳಗೆ ಹೋಗುವುದು ಕಷ್ಟ. 70 ಪೌಂಡ್ ಎಳೆಯುವವನಿಗೆ ಖರ್ಚು ಮಾಡಲಿಕ್ಕೆ ಉಂಟು, ನಿಮಗೆ ಇಲ್ಲ."

"ನೀನು ಒಂದು ಬಾಣ ಬಿಟ್ಟವನಲ್ಲ ಮಾರಾಯ!"

ಅದು ಹೌದು. ಆದರೆ ಜೌಲ್‌ಗೆ ನಾನು ಬಾಣ ಬಿಟ್ಟಿದ್ದೇನೋ ಇಲ್ಲವೋ ಗೊತ್ತಾಗುವುದಿಲ್ಲ.

ಕೊನೆಗೆ ಭಾವನನ್ನು ಒಪ್ಪಿಸಿದ್ದು ನನ್ನ ಎಕ್ಸೆಲ್ ಶೀಟ್ ಅಲ್ಲ, ಯಕ್ಷಗಾನ. ಸಣ್ಣದಿರುವಾಗ ರಾತ್ರಿಯಿಡೀ ಬಯಲಾಟ ನೋಡಿದವರು ಅವರು. ಕರ್ಣನ ಕತ್ತಿಗೆ ಅರ್ಜುನ ಬಿಟ್ಟದ್ದು ಅಂಜಲಿಕ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ. ಕ್ಷುರಪ್ರ, ಅರ್ಧಚಂದ್ರ, ಭಲ್ಲ ಅಂತ ಅರ್ಥಧಾರಿಗಳು ಹೆಸರು ಹೇಳುತ್ತಾ ಹೋಗುವಾಗ ನಾವೆಲ್ಲ ಅದನ್ನು ಬರೀ ಮಾತಿನ ಆಡಂಬರ ಅಂದುಕೊಳ್ಳುತ್ತೇವೆ. ಅಲ್ಲ. ವಸಿಷ್ಠನ ಹೆಸರಿನಲ್ಲಿರುವ ಧನುರ್ವೇದದಲ್ಲಿ ಹತ್ತು ತರದ ಮೊನೆಗಳ ಪಟ್ಟಿಯೇ ಉಂಟು, ಯಾವುದಕ್ಕೆ ಯಾವುದು ಅಂತ ಸಮೇತ. ಕವಚಕ್ಕೆ ಸೂಜಿಮೊನೆ, ಬಿಲ್ಲು ಕತ್ತರಿಸಲು ಕ್ಷುರಪ್ರ, ತಲೆಗೆ ಅರ್ಧಚಂದ್ರ, ಎದೆಗೆ ಭಲ್ಲ. ಎದೆಗೆ ಅರ್ಧಚಂದ್ರ ಹೇಳಲಿಲ್ಲ ನೋಡಿ. ಅಗಲವಾದದ್ದು ಮೇಲಿಂದ ಕತ್ತರಿಸಲಿಕ್ಕೆ, ಒಳಗೆ ಇಳಿಯಬೇಕಾದದ್ದು ಕಿರಿದು. "ಓ, ಹಾಗಾದ್ರೆ ನನಗೆ ಬೇಕಾದ್ದು ಭಲ್ಲ" ಅಂದರು ಭಾವ. ಅಷ್ಟು ಹೊತ್ತು ನಾನು ಹೇಳುತ್ತಿದ್ದದ್ದು ಅದನ್ನೇ.

ತಗೊಂಡದ್ದು ಎರಡು ಅಲಗಿನ, ಒಂದೇ ತುಂಡು ಉಕ್ಕಿನ, ಒಂದಿಂಚು ಚಿಲ್ಲರೆ ಅಗಲದ ಮೊನೆ. ಅಲ್ಲಿನ ಕಾನೂನು ಕೇಳುವುದು ಕನಿಷ್ಠ 7/8 ಇಂಚು ಅಗಲ, ಎರಡು ಉಕ್ಕಿನ ಅಲಗು, 35 ಪೌಂಡಿನ ಬಿಲ್ಲು. ತೂಕದಲ್ಲಿ 100 ಗ್ರೇನ್ ಬಿಟ್ಟು 125 ಗ್ರೇನ್. ಬಾಣದ ಮುಂದಿನ ತುದಿ ಭಾರವಿದ್ದರೆ ನೇರ ಒಳಗೆ ತಳ್ಳುತ್ತದೆ. 125 ಗ್ರೇನ್ ಅಂದರೆ ಸುಮಾರು ಎಂಟು ಗ್ರಾಂ, ಹೆಚ್ಚುಕಡಿಮೆ ಒಂದು ಪವನು. ಇದನ್ನು ಹೇಳಿದಾಗ ಅಕ್ಕ ಮೊದಲ ಸಲ ನಕ್ಕಳು. "ನನಗೆ ಒಂದು ಪವನು ತೆಗೆಸಿಕೊಡಲಿಕ್ಕೆ ಹೇಳು ನಿನ್ನ ಭಾವನಿಗೆ."

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಕಡವೆಗೆ ಬಾಣ ಬಿಟ್ಟರೆ ಜೈಲು. ಅದು ಹಾಗೇ ಇರಲಿ ಅನ್ನುವವನೇ ನಾನು. ಆದರೂ ಭಾವನ ಬಗ್ಗೆ ಮೂಗು ಮುರಿಯಲು ಆಗುವುದಿಲ್ಲ. ಭಾನುವಾರ ಕೋಳಿ ಅಂಗಡಿಯ ಎದುರು ನಿಂತು ಮೊಬೈಲ್ ನೋಡುತ್ತಾ "ಸ್ಕಿನ್ ತೆಗೀರಿ" ಅನ್ನುತ್ತೇನೆ. ಆ ಕತ್ತಿ ಹರಿತ ಇದೆಯಾ ಇಲ್ಲವಾ ಅಂತ ನನ್ನ ಜನ್ಮದಲ್ಲಿ ಕೇಳಿಲ್ಲ. ಭಾವ ಒಂದು ತಿಂಗಳು ಪ್ರತಿ ರಾತ್ರಿ ಸಾಣೆಕಲ್ಲಿನ ಎದುರು ಕೂತರು. ಮುಂಗೈಯ ರೋಮ ಬೋಳಿಸಿಹೋಗುವಷ್ಟು ಹರಿತ ಬರುವವರೆಗೆ. ಪ್ರಾಕ್ಟೀಸಿಗೆ ಬಳಸಿದ ಅಲಗನ್ನು ಮತ್ತೆ ಮಸೆಯದೆ ಕಾಡಿಗೆ ಒಯ್ಯುವಂತಿಲ್ಲ ಅಂತ ತಾವೇ ನಿಯಮ ಮಾಡಿಕೊಂಡರು. 30 ಗಜಕ್ಕಿಂತ ದೂರ ಬಿಡುವುದಿಲ್ಲ, ಹೆಗಲ ಮೂಳೆ ಎದುರಿಗಿದ್ದರೆ ಬಿಡುವುದಿಲ್ಲ, ಇದು ಅಕ್ಕ ಹಾಕಿದ ನಿಯಮ.

ಸೆಪ್ಟೆಂಬರಿನಲ್ಲಿ ಒಂಬತ್ತು ದಿನ ಬೆಟ್ಟ ಹತ್ತಿದರು. ಏಳನೆಯ ದಿನ ಒಂದು ಗಂಡು ಎಲ್ಕ್ ಪಕ್ಕೆ ಕೊಟ್ಟು ನಿಂತಿತಂತೆ. ರೇಂಜ್‌ಫೈಂಡರ್ ತೋರಿಸಿದ್ದು 46 ಗಜ. ಭಾವ ಬಿಲ್ಲು ಎತ್ತಲೇ ಇಲ್ಲ. ಅದು ಒಮ್ಮೆ ತಿರುಗಿ ನೋಡಿ ಮರಗಳ ಒಳಗೆ ಹೋಯಿತಂತೆ.

ಈ ಸಲವೂ ಲೈಸೆನ್ಸ್ ತೆಗೆದಿದ್ದಾರೆ. ಮಾಂಸಕ್ಕೆಂದು ಹೋದ ವರ್ಷ ಗ್ಯಾರೇಜಿಗೆ ತಂದಿಟ್ಟ ದೊಡ್ಡ ಫ್ರೀಜರಿನಲ್ಲಿ ಅಕ್ಕ ಸದ್ಯಕ್ಕೆ ಊರಿನಿಂದ ಹೋದ ಹಲಸಿನ ಹಪ್ಪಳ, ಒಣಮೀನು, ನೀರುದೋಸೆಯ ಅಕ್ಕಿಹಿಟ್ಟು ಇಟ್ಟಿದ್ದಾಳೆ.