ಬುಡ ಮೀಟದೆ ಲಂಟಾನ ಹೋಗದು

ಮೈಸೂರು, 16 ಜೂನ್ 2024, ಭಾನುವಾರ

ರಾತ್ರಿಯ ಮಳೆಗೆ ಪಾರ್ಕಿನ ಹಿಂಭಾಗದ ನೆಲ ಹದವಾಗಿತ್ತು. ಬಡಾವಣೆಯ ಏಳೆಂಟು ಮಂದಿ ಮಚ್ಚು ಹಿಡಿದು ಲಂಟಾನದ ಪೊದೆಗೆ ಇಳಿದೆವು. ಬೇಲಿಯುದ್ದಕ್ಕೂ ಕಡಿದು ಬರುವಷ್ಟರಲ್ಲಿ ಹಿರಿಯ ಮಾಲಿ ಬಂದರು.

"ಮೇಲ್ ಮೇಲೆ ಕೊಯ್ದ್ರೆ ಕ್ರಾಪ್ ಹೊಡೆದಂಗಾಯ್ತದೆ ಕಣವ್ವ, ಇನ್ನೂ ದಟ್ಟವಾಗಿ ಬತ್ತದೆ."

ಪಿಕಾಸಿ ತರಿಸಿ ತಾವೇ ತೋರಿಸಿದರು. ಕೊಂಬೆ ಸವರಿ, ಬುಡದ ಮಣ್ಣು ಬಿಡಿಸಿದರೆ ಕಾಂಡವೂ ಬೇರೂ ಕೂಡುವ ಗಂಟು ಕಾಣುತ್ತದೆ. ಅದರ ಕೆಳಗೆ ತಾಯಿಬೇರಿಗೆ ಏಟು ಬೀಳಬೇಕು. ಕಿತ್ತ ಬುಡವನ್ನು ತಲೆಕೆಳಗಾಗಿ ಇಡಬೇಕು, ಮಣ್ಣು ತಾಗಿದರೆ ಮತ್ತೆ ಚಿಗುರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಅವರ ತಂಡ ಕಾಡುಗಳಿಗೆಂದು ರೂಪಿಸಿದ ಕ್ರಮವೂ ಇದೇ. ಮಾಲಿಗೆ ಅದು ಹೊಲದ ಬದುವಿನಲ್ಲಿ ಕಲಿತ ವಿದ್ಯೆ.

ಕಪ್ಪಗೆ ಹಣ್ಣಾದ ಗೊಂಚಲುಗಳನ್ನು ಬೇರೆ ಚೀಲಕ್ಕೆ ತುಂಬಿದೆವು. ಬೇವಿನ ಮರದ ಕೆಳಗೇ ಎಳೆಯ ಸಸಿಗಳು ಹೆಚ್ಚು. ಹಣ್ಣು ತಿಂದ ಪಿಕಳಾರಗಳು ಕೂರುವ ಜಾಗ ಅದು.

7 ಜುಲೈ, ಭಾನುವಾರ

ಇಂದು ನಡೆದಾಡುವ ದಾರಿಯ ಅಂಚಿನ ಪಾರ್ಥೇನಿಯಂ. ಚರ್ಮಕ್ಕೆ, ಉಸಿರಿಗೆ ಆಗದ ಗಿಡ. ಎಲ್ಲರಿಗೂ ಕೈಗವಸು, ಮೂಗಿಗೆ ಬಟ್ಟೆ. ಒಂದು ಗಿಡದ ಎಲೆಗಳೆಲ್ಲ ಜಾಲರಿಯಾಗಿದ್ದವು. ಬಗ್ಗಿ ನೋಡಿದರೆ, ಕೆನೆಬಣ್ಣದ ಬೆನ್ನಿನ ಮೇಲೆ ಕಂದು ಗೆರೆಗಳಿರುವ ಪುಟ್ಟ ಜೀರುಂಡೆಗಳು! ಈ ಕಳೆಯನ್ನು ತಿನ್ನಲೆಂದೇ ಮೆಕ್ಸಿಕೋದಿಂದ ತರಿಸಿ, 1980ರ ದಶಕದಲ್ಲಿ ಬೆಂಗಳೂರಿನ ಸುತ್ತ ಬಿಟ್ಟಿದ್ದ ಜಾತಿ. ಹೂಬಿಟ್ಟ ಗಿಡಗಳನ್ನಷ್ಟೇ ಕಿತ್ತು, ಇವು ಕೂತಿದ್ದನ್ನು ಇವುಗಳಿಗೇ ಬಿಟ್ಟೆವು.

22 ಸೆಪ್ಟೆಂಬರ್, ಭಾನುವಾರ

ಗಂಟಿನ ಕೆಳಗೆ ಕಡಿದಲ್ಲಿ ಒಂದು ಚಿಗುರೂ ಇಲ್ಲ. ಮಚ್ಚಾಡಿಸಿ ಬಿಟ್ಟ ಬೇಲಿಯ ಸಾಲು ಮೊಣಕಾಲೆತ್ತರ ಬೆಳೆದು ಹೂ ಬಿಟ್ಟಿದೆ. ಖಾಲಿಯಾದ ಜಾಗದಲ್ಲಿ ಹುಲ್ಲು ಎದ್ದಿದೆ, ನಡುವೆ ಆವರಿಕೆಯ ಸಸಿಗಳು, ಯಾರೂ ನೆಟ್ಟದ್ದಲ್ಲ.

ಅಲ್ಲಿ ಲಾನ್ ಹಾಸಿ, ಅಂಚಿಗೆ ನರ್ಸರಿಯ ಬಣ್ಣದ ಗಿಡ ಹಾಕೋಣವೆಂದು ಕೆಲವರ ಸಲಹೆ. ನಾನು ಒಪ್ಪಲಿಲ್ಲ. ಲಂಟಾನವೂ ಅಮೆರಿಕ ಖಂಡದಿಂದ ಹೂವಿನ ಅಂದಕ್ಕೆಂದೇ 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ತೋಟಕ್ಕೆ ಬಂದದ್ದು. ಇವತ್ತು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದಲ್ಲಿ ಜಿಂಕೆಗೆ ಹುಲ್ಲು ಸಿಗದ ಹಾಗೆ ಹಬ್ಬಿದೆ. ಒಣಗಿದ ತರಗೆಲೆಗೆ ಹಿಂದೆ ಹಚ್ಚುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಇದು ಹೆಚ್ಚಿತೆಂದು ಆ ಬೆಟ್ಟದ ಕಾಡಿನ ಸೋಲಿಗರು ಹೇಳುತ್ತಲೇ ಬಂದಿದ್ದಾರೆ. ನೆಲ ಬಲ್ಲವರ ಮಾತನ್ನು ಮೊದಲು ಕೇಳಬೇಕು. ಕಾಡಿಗೂ ಅಷ್ಟೆ, ನಮ್ಮ ಪಾರ್ಕಿಗೂ ಅಷ್ಟೆ.

ಆವರಿಕೆ ಇದ್ದಲ್ಲೇ ಇರಲಿ ಎಂದು ಕೊನೆಗೆ ತೀರ್ಮಾನವಾಯಿತು. ಬೇಲಿಯ ಸಾಲನ್ನು ಕಾಯಿ ಕಟ್ಟುವ ಮೊದಲೇ ಬುಡಸಮೇತ ತೆಗೆಯಬೇಕು. ಬರುವ ಭಾನುವಾರಕ್ಕೆ ಇನ್ನೂ ಕೈಗಳು ಬೇಕು. ಮಚ್ಚು ಸಾಕಷ್ಟಿವೆ, ಮನೆಯಲ್ಲಿ ಪಿಕಾಸಿ ಇರುವವರು ತರಲಿ.