ವರ್ಷದ ಐದು ಆಟಗಳು

ಡಿಸೆಂಬರ್ ತಿಂಗಳ ಕೊನೆಯ ವಾರವು ಗೃಹಸ್ಥರ ಪಾಲಿಗೆ ಲೆಕ್ಕದ ವಾರ. ಪತ್ರಿಕೆಯವನ ಬಾಕಿ, ವಿಮೆಯ ಕಂತು, ಯಾರಿಗೋ ಕೊಟ್ಟ ಕೈಗಡ, ಎಲ್ಲವೂ ಆ ವಾರದಲ್ಲಿಯೇ ನೆನಪಿಗೆ ಬರುತ್ತವೆ. ಬೆಂಗಳೂರಿನ ಗವಿಪುರದ ಒಂದು ಮನೆಯ ಯಜಮಾನನಿಗೆ ಇವುಗಳ ಜೊತೆಗೆ ಇನ್ನೊಂದು ಲೆಕ್ಕವೂ ಉಂಟು. ಆತನಿಗೆ ವಯಸ್ಸು ನಾಲ್ವತ್ತನಾಲ್ಕು. ವಿಮಾ ಕಚೇರಿಯೊಂದರಲ್ಲಿ ನೌಕರಿ. ಕಿವಿಯ ಪಕ್ಕದಲ್ಲಿ ಬೆಳ್ಳಿಗೂದಲು ಇಣುಕಿ ಬಹಳ ದಿನಗಳಾದವು. ಇಷ್ಟಾದರೂ ರಾತ್ರಿಯ ಊಟವಾದ ಮೇಲೆ ಆತನು ವಿಡಿಯೋ ಆಟ ಆಡುತ್ತಾನೆ. ಆಡುವುದಷ್ಟೇ ಅಲ್ಲ, ಆ ವರ್ಷ ಹೊರಬಂದ ಆಟಗಳಲ್ಲಿ ತನ್ನ ಮನಸ್ಸಿಗೆ ಹಿಡಿಸಿದ ಐದನ್ನು ಆರಿಸಿ, ನೂರು ಪುಟದ ನೋಟುಬುಕ್ಕೊಂದರಲ್ಲಿ ಕಾರಣಸಮೇತ ಬರೆದಿಡುತ್ತಾನೆ. ಈ ಪಟ್ಟಿಯನ್ನು ಯಾರೂ ಕೇಳಿದವರಿಲ್ಲ, ಓದಿದವರೂ ಇಲ್ಲ. ಮನೆಯಾಕೆ ಮಾತ್ರ ಒಮ್ಮೆ ಇಣುಕಿ ನೋಡಿ, "ಮನೆಸಾಮಾನಿನ ಪಟ್ಟೀನ ಇಷ್ಟು ಶ್ರದ್ಧೆಯಿಂದ ಬರೆದಿದ್ರೆ ಬೆಲ್ಲ ತರೋದು ಮರೀತಿರಲಿಲ್ಲ" ಎಂದಿದ್ದುಂಟು.

೨೦೨೩ನೆಯ ಇಸವಿಯ ಪಟ್ಟಿಯನ್ನು ಬರೆಯಲು ಕುಳಿತಾಗ ಆತನಿಗೆ ಎಂದೂ ಇಲ್ಲದ ಪೇಚು ಒದಗಿತು. ಒಳ್ಳೆಯ ಆಟಗಳು ಆ ವರ್ಷ ಬೇಕಾದಷ್ಟು ಬಂದಿದ್ದವು. ಪೇಚು ಅದಲ್ಲ. ಆ ಐದು ಆಟಗಳಲ್ಲಿ ಎರಡನ್ನು ಆತನು ಒಬ್ಬನೇ ಆಡಿರಲಿಲ್ಲ. ಹಾಗಿದ್ದ ಮೇಲೆ ಅವು ತನ್ನ ಪಟ್ಟಿಗೆ ಸೇರತಕ್ಕವೇ ಎಂಬುದು ಪ್ರಶ್ನೆಯಾಯಿತು.

ಐದನೆಯ ಸ್ಥಾನಕ್ಕೆ ಬಂದದ್ದು 'ಡ್ರೆಡ್ಜ್'. ನ್ಯೂಜಿಲೆಂಡಿನ ಸಣ್ಣದೊಂದು ತಂಡವು ಮಾಡಿ, ಮಾರ್ಚ್ ತಿಂಗಳ ಕೊನೆಯಲ್ಲಿ ಹೊರತಂದ ಆಟ. ಆಡುವವನು ಒಬ್ಬ ಬೆಸ್ತ. ಊರಿನ ಮುಖ್ಯಸ್ಥನು ಸಾಲವಾಗಿ ಕೊಟ್ಟ ಪುಟ್ಟ ದೋಣಿಯಲ್ಲಿ ಮೀನು ಹಿಡಿದು, ಮಾರಿ, ಸಾಲ ತೀರಿಸಬೇಕು. ಹಗಲೆಲ್ಲ ಎಲ್ಲವೂ ಸೌಮ್ಯ. ಕತ್ತಲಾದ ಮೇಲೂ ದೋಣಿ ನೀರಿನಲ್ಲಿದ್ದರೆ ಬೆಸ್ತನ ಮನಸ್ಸು ಕಂಗೆಡುತ್ತದೆ. ಹಗಲು ಇಲ್ಲದ ಬಂಡೆಗಳು ಮಂಜಿನೊಳಗಿಂದ ಎದ್ದು ನಿಲ್ಲುತ್ತವೆ. ಒಂದೊಂದು ಮೀನಿಗೂ ಒಂದೊಂದು ಆಕಾರ. ಚೌಕಚೌಕವಾದ ದೋಣಿಯ ಹೊಟ್ಟೆಯಲ್ಲಿ ಅವನ್ನು ತಿರುಗಿಸಿ, ಓರೆಮಾಡಿ, ಸಂದು ಬಿಡದಂತೆ ಜೋಡಿಸಬೇಕು. ಊರಿಗೆ ಹೊರಡುವ ಮುನ್ನ ಒಂದೇ ಪೆಟ್ಟಿಗೆಯಲ್ಲಿ ನಾಲ್ವರ ಬಟ್ಟೆಯನ್ನು ತುಂಬುವ ಗೃಹಿಣಿಯರು ಇದನ್ನು ಆತನಿಗಿಂತ ಚೆನ್ನಾಗಿ ಆಡಿಯಾರು. ಇನ್ನೊಂದೇ ಮೀನು ಹಿಡಿದು ಮರಳೋಣವೆಂಬ ಆಸೆಯೇ ಇಲ್ಲಿ ಮನುಷ್ಯನನ್ನು ಕತ್ತಲೆಗೆ ಎಳೆಯುವುದು. ಸಾಲದ ಕಂತು ಕಟ್ಟುವವನಿಗೆ ಈ ಆಸೆಯ ಪರಿಚಯ ಹೊಸದೇನಲ್ಲ.

ನಾಲ್ಕನೆಯದು 'ಬಾಲ್ಡರ್ಸ್ ಗೇಟ್ ೩'. ಬೆಲ್ಜಿಯಂ ದೇಶದ ಲಾರಿಯನ್ ಸಂಸ್ಥೆಯ ಈ ಆಟವು ಆಗಸ್ಟ್ ೩ರಂದು ಪೂರ್ಣರೂಪದಲ್ಲಿ ಹೊರಬಂದು, ಡಿಸೆಂಬರಿನಲ್ಲಿ ಲಾಸ್ ಏಂಜಲಿಸ್ ನಗರದಲ್ಲಿ ನಡೆದ 'ದ ಗೇಮ್ ಅವಾರ್ಡ್ಸ್' ಸಮಾರಂಭದಲ್ಲಿ ವರ್ಷದ ಅತ್ಯುತ್ತಮ ಆಟವೆಂಬ ಪ್ರಶಸ್ತಿಯನ್ನು ಪಡೆಯಿತು. ಇದರ ಮೂಲ, ೧೯೭೪ರಲ್ಲಿ ಅಮೆರಿಕೆಯಲ್ಲಿ ಹುಟ್ಟಿದ 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ, ಮೇಜಿನ ಸುತ್ತ ಕುಳಿತು ಆಡುವ ಕಥೆಯಾಟ. ಬೀಗ ತೆಗೆಯುವುದಿರಲಿ, ಶತ್ರುವನ್ನು ಮಾತಿನಲ್ಲಿ ಒಲಿಸುವುದಿರಲಿ, ಇಪ್ಪತ್ತು ಮುಖದ ದಾಳವೊಂದು ಉರುಳಿ ನಿರ್ಣಯ ಹೇಳುತ್ತದೆ. ದಾಳ ಕೈಕೊಟ್ಟರೆ, ಮೊದಲೇ ಉಳಿಸಿಟ್ಟ ಘಟ್ಟಕ್ಕೆ ಹಿಂದಿರುಗಿ ಮತ್ತೆ ಉರುಳಿಸುವ ಸೌಕರ್ಯವುಂಟು. ಧರ್ಮರಾಯನಿಗೆ ಈ ಸೌಕರ್ಯವಿದ್ದಿದ್ದರೆ ಮಹಾಭಾರತವು ಸಭಾಪರ್ವದಲ್ಲಿಯೇ ಮುಗಿದುಹೋಗುತ್ತಿತ್ತು. ಆತನು ಮಾತ್ರ ಹಿಂದಿರುಗುವುದಿಲ್ಲವೆಂದು ಹಟ ತೊಟ್ಟು ಆಡಿದನು. ಪರಿಣಾಮವಾಗಿ ಉಳಿಸಬಹುದಾಗಿದ್ದ ಕೆಲವರನ್ನು ಕಳೆದುಕೊಂಡನು. ನೂರು ಗಂಟೆ ಆಡಿದರೂ ಕಥೆಯ ಕೊನೆಯನ್ನು ಕಾಣಲಿಲ್ಲ. ಈ ಆಟದಲ್ಲಿ ಜೊತೆಗಾರರು ನಾಯಕನ ಒಂದೊಂದು ಕೃತ್ಯವನ್ನೂ ಒಪ್ಪುತ್ತಾರೆ ಇಲ್ಲವೆ ಒಪ್ಪುವುದಿಲ್ಲ. ಅದು ತೆರೆಯ ಮೂಲೆಯಲ್ಲಿ ಅಕ್ಷರವಾಗಿ ಮೂಡುತ್ತದೆ. ಮನೆಯಲ್ಲಿ ಅದು ಹಾಗೆ ಮೂಡುವುದಿಲ್ಲ. ಪಾತ್ರೆಯ ಸದ್ದಿನಿಂದ ತಿಳಿದುಕೊಳ್ಳಬೇಕು.

ಮೂರನೆಯದು ಜೆಲ್ಡಾ ಮಾಲೆಯ 'ಟಿಯರ್ಸ್ ಆಫ್ ದ ಕಿಂಗ್‌ಡಮ್'. ಮೇ ೧೨ರಂದು ಹೊರಬಂದ ಈ ಆಟದ ಒಂದು ಕೋಟಿಗೂ ಮಿಕ್ಕ ಪ್ರತಿಗಳು ಮೂರೇ ದಿನಗಳಲ್ಲಿ ಮಾರಾಟವಾದವು. ಇದನ್ನು ಮಾಡಿದ ನಿಂಟೆಂಡೋ ಸಂಸ್ಥೆಯು ಜಪಾನಿನ ಕ್ಯೋಟೋ ನಗರದಲ್ಲಿ ೧೮೮೯ರಲ್ಲಿ ಹೂವಿನ ಚಿತ್ರದ ಇಸ್ಪೀಟು ಎಲೆಗಳನ್ನು ಮಾಡುವ ಅಂಗಡಿಯಾಗಿ ಆರಂಭವಾಯಿತೆಂಬುದು ಸೋಜಿಗದ ಸಂಗತಿ. ನಮ್ಮ ಮೈಸೂರಿನಲ್ಲಿ ಅದಕ್ಕೂ ಮೊದಲೇ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಗಳ ಹೊಸ ಹೊಸ ಆಟಗಳನ್ನು ಕಲ್ಪಿಸಿದ್ದರು. ಅವರ 'ಶ್ರೀತತ್ತ್ವನಿಧಿ'ಯ ಒಂದು ಭಾಗವಾದ ಕೌತುಕನಿಧಿಯಲ್ಲಿ ಆಟಗಳ ವಿವರಣೆಯುಂಟು. ದೊಡ್ಡವರು ಆಟವಾಡಬಾರದೆಂದು ಯಾರಾದರೂ ಮೂದಲಿಸಿದರೆ ಆತನು ಮಹಾರಾಜರ ಹೆಸರನ್ನು ಮುಂದೆ ಮಾಡುತ್ತಾನೆ. ಈ ಜಪಾನೀ ಆಟದಲ್ಲಿ ನಾಯಕನು ಮರದ ದಿಮ್ಮಿ, ಹಲಗೆ, ಗಾಲಿಗಳನ್ನು ಒಂದಕ್ಕೊಂದು ಅಂಟಿಸಿ ಬೇಕಾದ ವಾಹನವನ್ನು ಕಟ್ಟಬಹುದು. ಆತನು ಕಟ್ಟಿದ ಸೇತುವೆಗಳು ಹತ್ತಕ್ಕೆ ಏಳು ಮುರಿದುಬಿದ್ದವು. ಎಂಟನೆಯದು ನಿಂತಾಗ ರಾತ್ರಿ ಹನ್ನೊಂದು ಗಂಟೆಯಲ್ಲಿ ಆತನು ಚಪ್ಪಾಳೆ ತಟ್ಟಿದ್ದನ್ನು ಕೇಳಿ, ಏಳನೆಯ ತರಗತಿಯ ಮಗಳು ಎದ್ದು ಬಂದು ಪಕ್ಕದಲ್ಲಿ ಕುಳಿತಳು. ಆ ವರ್ಷದ ಉಳಿದ ಕಥೆಯು ಅಲ್ಲಿಂದ ಆರಂಭವಾಯಿತು.

ಎರಡನೆಯದು 'ವೆಣ್ಬಾ'. ವೆಣ್ಬಾ ಎಂಬುದು ತಮಿಳಿನ ಒಂದು ಛಂದಸ್ಸು; ಇಲ್ಲಿ ಕಥಾನಾಯಿಕೆಯ ಹೆಸರು. ಕೆನಡಾದ ಟೊರಾಂಟೋ ನಗರದ ವಿಸೈ ಎಂಬ ಸಣ್ಣ ಸಂಸ್ಥೆಯು ಜುಲೈ ೩೧ರಂದು ಇದನ್ನು ಹೊರತಂದಿತು. ಆಡಿ ಮುಗಿಸಲು ಎರಡು ಗಂಟೆ ಸಾಕು. ೧೯೮೦ರ ದಶಕದಲ್ಲಿ ತಮಿಳುನಾಡಿನಿಂದ ಕೆನಡಾಕ್ಕೆ ವಲಸೆ ಹೋದ ದಂಪತಿಗಳು. ಆಕೆಯ ಕೈಯಲ್ಲಿ ತಾಯಿ ಕೊಟ್ಟ ಅಡುಗೆ ಪುಸ್ತಕ. ಪ್ರಯಾಣದಲ್ಲಿ ಹಾಳೆಗಳು ಹರಿದು, ಮಸಿ ಕದಡಿ, ಅರ್ಧ ಅಳಿಸಿಹೋಗಿದೆ. ಅಳಿದ ಭಾಗವನ್ನು ಊಹಿಸಿ ಅಡುಗೆ ಮಾಡುವುದೇ ಆಟ. ಮೊದಲನೆಯ ಅಡುಗೆ ಇಡ್ಲಿ.

ಆಗಸ್ಟ್ ತಿಂಗಳ ಒಂದು ಭಾನುವಾರ ಅಪ್ಪ ಮಗಳು ಇಬ್ಬರೂ ಇಡ್ಲಿಯ ಪಾತ್ರೆಯೊಡನೆ ಹೆಣಗುತ್ತಿದ್ದರು. ಎರಡು ಬಾರಿ ಇಡ್ಲಿ ಕೆಟ್ಟಿತು. ಬಾಗಿಲ ಬಳಿ ಕುಳಿತು ಹೂಬತ್ತಿ ಹೊಸೆಯುತ್ತಿದ್ದ ಆತನ ತಾಯಿ ಸುಮ್ಮನಿರಲಾರದೆ, "ಅಯ್ಯೋ, ತೂತು ಮುಚ್ಚಿಬಿಟ್ಯಲ್ಲೋ! ಮೇಲಿನ ತಟ್ಟೆಗೆ ಹಬೆ ಹೇಗೋ ಹೋಗತ್ತೆ? ತಿರುಗಿಸಿ ಇಡು" ಎಂದರು. ತಿರುಗಿಸಿ ಇಟ್ಟೊಡನೆ ಇಡ್ಲಿ ಬೆಂದಿತು. ಮಗಳು ಬೆರಗಾಗಿ ಅಜ್ಜಿಯನ್ನು ನೋಡಿದಳು. ವಿಡಿಯೋ ಆಟವನ್ನು ಜನ್ಮದಲ್ಲಿ ಮುಟ್ಟದಿದ್ದವರು ಒಂದೇ ಮಾತಿನಲ್ಲಿ ಆಟ ಗೆದ್ದಿದ್ದರು.

ಕಥೆ ಮುಂದುವರಿದಂತೆ ವೆಣ್ಬಾಳ ಮಗನು ಬೆಳೆಯುತ್ತಾನೆ. ತಾಯಿ ತಮಿಳಿನಲ್ಲಿ ಕರೆದರೆ ಅವನು ಇಂಗ್ಲಿಷಿನಲ್ಲಿ ಓಗೊಡುತ್ತಾನೆ. ಮನೆಯ ಊಟಕ್ಕೆ ಮುಖ ತಿರುಗಿಸುತ್ತಾನೆ. ದೊಡ್ಡವನಾದ ಮೇಲೆ ತಾಯಿಯ ಅಡುಗೆ ಪುಸ್ತಕವನ್ನು ಕೈಗೆತ್ತಿಕೊಂಡಾಗ ಅಕ್ಷರಗಳು ಅವನಿಗೆ ಒಗ್ಗುವುದಿಲ್ಲ. "ಆ ಹುಡುಗ ಏನಂತಿದಾನೆ?" ಎಂದು ಅಜ್ಜಿ ಕೇಳಿದರು. ಆತನು ಕನ್ನಡದಲ್ಲಿ ಹೇಳಿದನು. "ಹೂಂ, ನಮ್ಮನೇಲೂ ಹಾಗೇ ಅಲ್ವೆ" ಎಂದು ಅವರು ಬತ್ತಿ ಹೊಸೆಯುವುದನ್ನು ಮುಂದುವರಿಸಿದರು.

ಆ ಮಾತಿನಲ್ಲಿ ಮುನಿಸಿರಲಿಲ್ಲ. ಆದುದರಿಂದಲೇ ಅದು ಆತನಿಗೆ ಹೆಚ್ಚಾಗಿ ನಾಟಿತು. ಮಗಳನ್ನು ಶಾಲೆಗೆ ಸೇರಿಸುವಾಗ, ಮನೆಯಲ್ಲಿಯೂ ಇಂಗ್ಲಿಷಿನಲ್ಲಿಯೇ ಮಾತನಾಡಿಸಿರೆಂದು ಶಾಲೆಯವರು ಬುದ್ಧಿ ಹೇಳಿದ್ದರು. ತಂದೆತಾಯಿಗಳು ಅದನ್ನು ವ್ರತದಂತೆ ಪಾಲಿಸಿದ್ದರು. ಹುಡುಗಿ ಅಚ್ಚಿನ ಕನ್ನಡವನ್ನು ಪರೀಕ್ಷೆಗೆ ಬೇಕಾದಷ್ಟು ಓದಬಲ್ಲಳು. ಕೈಬರಹವೆಂದರೆ ಕಣ್ಣು ಕತ್ತಲೆ. ಅಜ್ಜಿಯೊಡನೆ ಅವಳ ಸಂಭಾಷಣೆಯು "ಊಟ ಆಯ್ತಾ", "ಆಯ್ತು ಅಜ್ಜಿ" ಎಂಬಲ್ಲಿಗೆ ನಿಲ್ಲುತ್ತಿತ್ತು. ಒಂದೇ ಸೂರಿನ ಕೆಳಗೆ ಇಬ್ಬರು ಹನ್ನೆರಡು ವರ್ಷ ಬಾಳಿದ್ದರು. ಪರಸ್ಪರ ಹೇಳಿಕೊಂಡ ಮಾತುಗಳನ್ನು ಕೂಡಿದರೆ ಒಂದು ಪುಟವಾದೀತೋ ಇಲ್ಲವೋ. ಅದು ತನ್ನ ಕೈಯಿಂದಲೇ ಆದ ಕೆಲಸವೆಂದು ಆತನಿಗೆ ಆ ಭಾನುವಾರ ಅರಿವಾಯಿತು. ಉಳಿಸಿಟ್ಟ ಘಟ್ಟಕ್ಕೆ ಹಿಂದಿರುಗುವ ಸೌಕರ್ಯ ಇಲ್ಲಿರಲಿಲ್ಲ.

ಒಂದನೆಯ ಸ್ಥಾನ ಪಡೆದದ್ದು 'ಚಾಂಟ್ಸ್ ಆಫ್ ಸೆನ್ನಾರ್'. ಫ್ರಾನ್ಸ್ ದೇಶದ ಟುಲೂಸ್ ನಗರದ ರನ್‌ಡಿಸ್ಕ್ ಎಂಬ ಪುಟ್ಟ ತಂಡವು ಸೆಪ್ಟೆಂಬರಿನಲ್ಲಿ ಹೊರತಂದ ಆಟ. ಬೇಬೆಲ್ ಗೋಪುರದ ಹಳೆಯ ಕಥೆಯೇ ಇದರ ಬೀಜ. ಆಕಾಶಕ್ಕೆ ಏರಿದ ಗೋಪುರ. ಅದರಲ್ಲಿ ಐದು ಜನಾಂಗಗಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ಆಡುವವನ ಕೈಯಲ್ಲಿ ಕತ್ತಿಯಿಲ್ಲ, ಒಂದು ಟಿಪ್ಪಣಿ ಪುಸ್ತಕವಿದೆ. ಗೋಡೆಯ ಮೇಲೆ, ಜನರ ಬಾಯಲ್ಲಿ ಕಂಡ ವಿಚಿತ್ರ ಚಿಹ್ನೆಗಳಿಗೆ ಸಂದರ್ಭ ನೋಡಿ ಅರ್ಥವನ್ನು ಊಹಿಸಿ ಬರೆದುಕೊಳ್ಳಬೇಕು. ಬಾಗಿಲ ಬಳಿ ಕಂಡ ಚಿಹ್ನೆ 'ತೆರೆ' ಇರಬಹುದೆ? ಕೈಯೆತ್ತಿದವನು ನುಡಿದದ್ದು 'ನಮಸ್ಕಾರ'ವೆ? ಪುಟದ ಚಿತ್ರಗಳಿಗೆಲ್ಲ ಸರಿಯಾದ ಚಿಹ್ನೆ ಕೂಡಿದಾಗ ಮಾತ್ರ ಪುಸ್ತಕವು ನಿಜವೆಂದು ಒಪ್ಪುತ್ತದೆ. ಒಂದು ಭಾಷೆಯಲ್ಲಿ ಚಿಹ್ನೆಯನ್ನು ಎರಡು ಸಲ ಬರೆದರೆ ಬಹುವಚನ. ಇನ್ನೊಂದರಲ್ಲಿ ಕ್ರಮವೇ ಬೇರೆ. ಯೋಧರ ಭಾಷೆಯಲ್ಲಿ ಕೆಳಗಿನ ಮಜಲಿನ ಜನರಿಗೆ ಇರುವ ಹೆಸರಿನ ಅರ್ಥ 'ಮೈಲಿಗೆಯವರು' ಎಂದು ತಿಳಿದಾಗ ಮಗಳು, "ಅವರ ಮಾತು ಗೊತ್ತಿಲ್ಲದೇನೇ ಹಾಗಂತಾರಾ?" ಎಂದಳು. ಗೋಪುರದಲ್ಲಿ ಒಡೆದ ಸಂಬಂಧವನ್ನು ಕೂಡಿಸುವ ಕೆಲಸ ದುಭಾಷಿಯದು. ದಸರಾ ರಜೆಯಲ್ಲಿ ಆಟವನ್ನು ಮುಗಿಸಿದವಳು ಮಗಳೇ. ಆತನ ಊಹೆಗಳು ಅರ್ಧಕ್ಕರ್ಧ ತಪ್ಪಾಗಿದ್ದವು.

ಆಟ ಮುಗಿದ ಮೂರನೆಯ ದಿನ ಅವಳು ಅಡುಗೆಮನೆಯ ಕಪಾಟಿನಿಂದ ಹಳೆಯದೊಂದು ಡೈರಿಯನ್ನು ತೆಗೆದುಕೊಂಡು ಬಂದಳು. ಅಜ್ಜಿಯು ಮದುವೆಯಾಗಿ ಬಂದ ಹೊಸತರಲ್ಲಿ, ಅತ್ತೆ ಹೇಳಿದ ಅಡುಗೆಗಳನ್ನೆಲ್ಲ ಬರೆದುಕೊಂಡಿದ್ದ ಪುಸ್ತಕ. ಎಣ್ಣೆಯ ಕಲೆ, ಅರಿಸಿನದ ಬೆರಳಗುರುತು, ಮಾಸಿದ ಶಾಯಿ. ಹುಡುಗಿ ಪೆನ್ಸಿಲ್ ಹಿಡಿದು ಹುಳಿಪುಡಿಯ ಪುಟವನ್ನು ಬಿಡಿಸಲು ಕುಳಿತಳು. ಗೊತ್ತಿದ್ದ ಅಕ್ಷರಗಳಿಂದ ಗೊತ್ತಿಲ್ಲದುದನ್ನು ಊಹಿಸಿ, ಹಾಳೆಯೊಂದರಲ್ಲಿ ಬರೆದು, ಅಜ್ಜಿಯ ಮುಂದೆ ಹಿಡಿದಳು. "ಕಡಲೆಬೇಳೆ, ಎರಡು ಚಮಚ" ಎಂದು ಓದಿದಳು.

ಅಜ್ಜಿ ನಕ್ಕುಬಿಟ್ಟರು. "ಎರಡು ಚಮಚ ಹಾಕಿದ್ರೆ ಹುಳಿ ನೀರಾಗಿರತ್ತೆ ಪುಟ್ಟಿ. 'ಚ' ಅಂದ್ರೆ ಚಟಾಕು."

"ಚಟಾಕು ಅಂದ್ರೆ?"

ಈ ಪ್ರಶ್ನೆಗೆ ಉತ್ತರ ಹೇಳಲು ಅಜ್ಜಿಗೆ ಸಂಜೆಯವರೆಗೆ ಹಿಡಿಯಿತು. ಸೇರು, ಪಾವು, ಚಟಾಕುಗಳು ಬಂದವು. ಅಟ್ಟದ ಮೇಲಿದ್ದ ಹಿತ್ತಾಳೆಯ ಪಾವು ಕೆಳಗಿಳಿಯಿತು. ಅದನ್ನು ತಂದುಕೊಟ್ಟ ಅವರ ತಂದೆಯ ಕಥೆ ಬಂದಿತು. ಅತ್ತೆಯ ಸಿಡುಕು, ಸೌದೆಯ ಒಲೆ, ಒರಳು ಎಲ್ಲವೂ ಒಂದರ ಹಿಂದೆ ಒಂದು ಬಂದವು. ಹುಡುಗಿ ನಡುನಡುವೆ ಇಂಗ್ಲಿಷಿಗೆ ಜಾರಿದರೆ ಅಜ್ಜಿ ಕೈಸನ್ನೆಯಿಂದ ಕೇಳುವರು. ಅಜ್ಜಿಯ ಮಾತು ಅರ್ಥವಾಗದಿದ್ದರೆ ಹುಡುಗಿ ಹಾಳೆಯಲ್ಲಿ ಪ್ರಶ್ನೆಯ ಗುರುತು ಹಾಕುವಳು. ಪುಟದ ಎಲ್ಲ ಶಬ್ದಗಳೂ ಸರಿಯಾದ ಮೇಲೆಯೇ ಅಜ್ಜಿ ತಲೆಯಾಡಿಸುವರು. ಕಚೇರಿಯಿಂದ ಬಂದ ಆತನು ಬಾಗಿಲಲ್ಲಿ ನಿಂತು ಕೇಳಿ, ಒಳಗೆ ಹೋಗದೆ ಅಲ್ಲಿಯೇ ಚಪ್ಪಲಿ ಬಿಚ್ಚಿ ಕುಳಿತನು.

ಡಿಸೆಂಬರ್ ೩೧ರ ರಾತ್ರಿ ಆತನು ನೋಟುಬುಕ್ಕಿನಲ್ಲಿ ಐದು ಹೆಸರುಗಳನ್ನು ಬರೆದನು. ಕೊನೆಯ ಎರಡು ಆಟಗಳ ಮುಂದೆ, 'ಒಬ್ಬನೇ ಆಡಿದ್ದಲ್ಲ' ಎಂದು ಸೇರಿಸಿದನು. ಪಟ್ಟಿಯನ್ನು ಮೊದಲ ಬಾರಿಗೆ ಮಗಳಿಗೆ ತೋರಿಸಿದಾಗ ಅವಳು ಲೇಖನಿಯನ್ನು ಕಸಿದುಕೊಂಡು, ಕೆಳಗೆ ದುಂಡಗಿನ ಅಕ್ಷರಗಳಲ್ಲಿ ಇನ್ನೊಂದು ಸಾಲನ್ನು ಬರೆದಳು: '೬. ಅಜ್ಜಿಯ ಡೈರಿ. ಇನ್ನು ಮುಗಿದಿಲ್ಲ.'

ಅಜ್ಜಿ ಕನ್ನಡಕವನ್ನು ಏರಿಸಿಕೊಂಡು ಓದಿದರು. "'ಇನ್ನು' ಅಲ್ಲ ಪುಟ್ಟಿ, 'ಇನ್ನೂ'. ದೀರ್ಘ ಕೊಡು" ಎಂದರು.

ಹುಡುಗಿ ದೀರ್ಘ ಕೊಟ್ಟಳು.