ಪಡಸಾಲೆಗೆ ಬಂದ ಡಾಲ್ಬಿ

ಯಾವ ಯಂತ್ರವೂ ಮುಂದಿನಿಂದ ನೋಡಿದರೆ ಸಂಭಾವಿತವೇ. ಅದರ ನಿಜಗುಣ ತಿಳಿಯಬೇಕಾದರೆ ಗೋಡೆಯ ಕಡೆಗಿನ ಮೈಯನ್ನು ನೋಡಬೇಕು. ಹೋಮ್ ಥಿಯೇಟರ್ ರಿಸೀವರ್ ಎಂಬ ಕರಿ ಪೆಟ್ಟಿಗೆಯ ಮೋರೆಯ ಮೇಲೆ ಇರುವುದು ಎರಡು ತಿರುಪು, ಒಂದು ಸಾಲು ಮಿಣುಕು ಅಕ್ಷರ. ಬೆನ್ನ ತುಂಬ ಮಾತ್ರ ಕೆಂಪು-ಕಪ್ಪು ಜೋಡಿಗಳು, ದುಂಡನೆಯ ಬಣ್ಣದ ತೂತುಗಳು, ಎಚ್‌ಡಿಎಂಐ ಎಂಬ ಚಪ್ಪಟೆ ಬಾಯಿಗಳು.

ಪುಣೆಯ ಮಗ ಮನೆ ಬದಲಿಸುವಾಗ ಇದನ್ನು ಐದು ಸ್ಪೀಕರು, ಒಂದು ಸಬ್‌ವೂಫರ್ ಸಮೇತ ಕಾಗವಾಡಕ್ಕೆ ಸಾಗಹಾಕಿದ. “ಅಪ್ಪಾ, ನಮ್ಮ ಪಡಸಾಲಿ ದೊಡ್ಡದೈತಿ, ಅಲ್ಲಿ ಛಲೋ ಕೇಳಸ್ತೈತಿ” ಅಂದ. ಪುಣೆಯ ಫ್ಲ್ಯಾಟಿನಲ್ಲಿ ಸಬ್‌ವೂಫರ್ ಗುಡುಗಿದರೆ ಕೆಳಗಿನ ಮನೆಯವರು ಮೆಟ್ಟಿಲು ಹತ್ತಿ ಬರುತ್ತಿದ್ದರಂತೆ. ನಮ್ಮ ಕೆಳಗಿರುವುದು ಕರಿ ಎರೆಮಣ್ಣು. ಅದು ಈವರೆಗೆ ಯಾರ ಮೇಲೂ ತಕರಾರು ಹೇಳಿಲ್ಲ.

ಜೋಡಿಸಲು ಓಣಿಯ ವಾಯರ್‌ಮನ್ ಹುಡುಗ ಬಂದ. ವರ್ಷವಿಡೀ ಬೋರಿನ ಮೋಟರು, ಸ್ಟಾರ್ಟರು ನೋಡಿಕೊಂಡಿರುವ ಅವನು ಗಣಪತಿ ಹಬ್ಬ ಬಂತೆಂದರೆ ಡಾಲ್ಬಿ ಕಟ್ಟುತ್ತಾನೆ. ಬೆಂಗಳೂರು ಸೀಮೆಯವರಿಗೆ ಇಷ್ಟು ಹೇಳಬೇಕು: ಸಾಂಗಲಿ, ಕೊಲ್ಹಾಪುರದಿಂದ ಹಿಡಿದು ನಮ್ಮ ಚಿಕ್ಕೋಡಿ, ಅಥಣಿಯವರೆಗೆ ಡಾಲ್ಬಿ ಎಂದರೆ ಟ್ರ್ಯಾಕ್ಟರ್ ಟ್ರೇಲಿಯ ಮೇಲೆ ಆಳೆತ್ತರಕ್ಕಿಂತ ಮೇಲಕ್ಕೆ ಪೇರಿಸಿದ ಸ್ಪೀಕರುಗಳು. ಅದು ಓಣಿಗೆ ತಿರುಗಿದ್ದು ಮೊದಲು ಕಿಟಕಿಗೆ, ಆಮೇಲೆ ಎದೆಗೆ, ಕಡೆಗೆ ಕಿವಿಗೆ ತಿಳಿಯುತ್ತದೆ.

ಹುಡುಗ ಪೆಟ್ಟಿಗೆಯ ಮೇಲಿನ ಗುರುತು ಓದಿ ನಕ್ಕ. “ಕಾಕಾ, ಇದರ ಮ್ಯಾಲೆ ಡಾಲ್ಬಿ ಅಂತ ಬರದಾರ್ರಿ. ಇಷ್ಟ ಇದ್ದದ್ದು ಡಾಲ್ಬಿ ಹ್ಯಾಂಗ ಆದೀತು?”

ನನಗೂ ಹೇಳುವ ಚಪಲ. ರೇ ಡಾಲ್ಬಿ ಅಮೆರಿಕದ ಎಂಜಿನಿಯರು. 1963ರಿಂದ 65ರವರೆಗೆ ವಿಶ್ವಸಂಸ್ಥೆಯ ಸಲಹೆಗಾರನಾಗಿ ನಮ್ಮ ಚಂಡೀಗಢದಲ್ಲಿಯೇ ಇದ್ದ. 1965ರಲ್ಲಿ ಲಂಡನ್ನಿಗೆ ಹೋಗಿ ಕಂಪನಿ ತೆಗೆದ. ಅವನ ಮೊದಲ ಯಂತ್ರದ ಕೆಲಸ ಟೇಪಿನಲ್ಲಿ ಹಾಡಿನ ಹಿಂದೆ ಕೇಳುವ ಸುಸ್ಸೆಂಬ ಸದ್ದನ್ನು ಅಡಗಿಸುವುದು. ಸದ್ದು ಹೆಚ್ಚಿಸಿದವನಲ್ಲ ಆತ, ಕಡಿಮೆ ಮಾಡಿದವನು.

“ಹಂಗಾರ ಅವರು ಒಮ್ಮೆ ನಮ್ಮೂರ ಗಣಪತಿ ನೋಡಾಕ ಬರಬೇಕಿತ್ರಿ. ಎಲ್ಲಿ ಅದಾರು?”

“2013ರಾಗ ತೀರಿಕೊಂಡ್ರು.”

“ಪಾಪ,” ಎಂದು ಹುಡುಗ ವಾಯರ್ ಸುಲಿಯತೊಡಗಿದ.

ಕೆಲಸದಲ್ಲಿ ಅವನು ಚೊಕ್ಕ. ಸ್ಪೀಕರಿನ ವಾಯರು ಜೋಡೆಳೆಯದು; ಎರಡೂ ಒಂದೇ ಬಣ್ಣದ್ದಾದರೆ ಒಂದರ ಮೈಮೇಲೆ ಸಣ್ಣ ಗೆರೆ ಇರುತ್ತದೆ. ಆ ಗೆರೆಯದನ್ನು ಕೆಂಪಿಗೆ ಎಂದು ಗೊತ್ತು ಮಾಡಿಕೊಂಡರೆ ಎರಡೂ ತುದಿಯಲ್ಲಿ ಅದೇ ನೇಮ ನಡೆಯಬೇಕು. ಒಂದೇ ಒಂದು ಸ್ಪೀಕರು ಅದಲು ಬದಲಾದರೂ ಸಾಕು, ಉಳಿದವುಗಳ ಪರದೆ ಹೊರಗೆ ನೂಕುವಾಗ ಇದರದ್ದು ಒಳಗೆ ಎಳೆದುಕೊಳ್ಳುತ್ತದೆ. ತಬಲಾದ ಡಗ್ಗಾ ಮಾಯವಾಗಿ, ಗಾಯಕ ಎಲ್ಲಿ ಕೂತು ಹಾಡುತ್ತಿದ್ದಾನೆಂಬುದೇ ತಿಳಿಯದು. ಸುಲಿದ ತಾಮ್ರದ ಒಂದೆಳೆ ಅಡ್ಡಾಡಿ ಪಕ್ಕದ ತಿರುಪಿಗೆ ತಗುಲಿದರೆ ರಿಸೀವರು ತನ್ನನ್ನು ತಾನೇ ಕಾಪಾಡಿಕೊಳ್ಳಲು ಆರಿ ಕೂಡುತ್ತದೆ. ಹುಡುಗ ಒಂದೊಂದು ತುದಿಯನ್ನೂ ಬೆರಳಲ್ಲಿ ಹೊಸೆದು ಚೂಪು ಮಾಡುತ್ತಿದ್ದುದನ್ನು ನಮ್ಮಾಕಿ ನೋಡಿ, “ಕಾರ್ತೀಕದಾಗ ಬತ್ತಿ ಹೊಸ್ಯಾಕ ಇವನ್ನ ಕರೀಬೇಕ್ರಿ” ಅಂದಳು.

ಟಿವಿಯ ಹಿಂದಿನ ಎಚ್‌ಡಿಎಂಐ ಬಾಯಿಗಳಲ್ಲಿ ಎಆರ್‌ಸಿ ಎಂದು ಬರೆದದ್ದು ಒಂದೇ. ಟಿವಿಯ ದನಿ ರಿಸೀವರಿಗೆ ಮರಳಿ ಬರುವುದು ಅದರ ಮೂಲಕ ಮಾತ್ರ. ಬೇರೆಯದಕ್ಕೆ ಸಿಕ್ಕಿಸಿದರೆ ಟಿವಿಯವರು ಬಾಯಿ ಆಡಿಸುತ್ತಾರೆ, ಸ್ಪೀಕರು ಸುಮ್ಮನಿರುತ್ತವೆ.

ತಂಟೆ ಶುರುವಾದದ್ದು ಸ್ಪೀಕರುಗಳ ಜಾಗದಲ್ಲಿ. ಪುಸ್ತಿಕೆಯಲ್ಲೊಂದು ಚಿತ್ರ: ಚೌಕ ಕೋಣೆ, ನಡುವೆ ಸೋಫಾ, ಅದರ ಮೇಲೆ ಮುಖವಿಲ್ಲದ ಒಬ್ಬ ಮನುಷ್ಯ. ಎದುರಿನ ಎರಡು ಸ್ಪೀಕರು ಅವನಿಂದ ಎಡಕ್ಕೆ ಬಲಕ್ಕೆ ಮೂವತ್ತು ಡಿಗ್ರಿಯಲ್ಲಿ, ಮಾತಿನ ಸ್ಪೀಕರು ನಟ್ಟನಡುವೆ, ಹಿಂದಿನೆರಡು ನೂರಹತ್ತು ಡಿಗ್ರಿಯ ಸುಮಾರಿಗೆ, ಕಿವಿಗಿಂತ ತುಸು ಎತ್ತರದಲ್ಲಿ. ನಮ್ಮ ಮುತ್ಯಾ ಮನೆ ಕಟ್ಟಿಸುವಾಗ ಡಿಗ್ರಿ ಕೇಳಿರಲಿಲ್ಲ. ಎಡಗಡೆ ಕಂಬ ಅಡ್ಡ ಬಂತು. ಬಲ ಹಿಂದಿನ ಸ್ಪೀಕರಿಗೆ ಸಿಕ್ಕಿದ್ದು ದೇವರ ಖೋಲಿಯ ಬಾಗಿಲ ನೆತ್ತಿ.

“ಪಿಕ್ಚರಿನ ಗುಂಡು ನಮ್ಮ ಪಾರ್ಶ್ವನಾಥನ ತಲಿ ಮ್ಯಾಲೆ ಹಾರಬೇಕೇನ್ರಿ?” ಎಂದಳು ನಮ್ಮಾಕಿ. ಹುಡುಗ ಸಮಾಧಾನ ಹೇಳಿದ: “ಕಾಕೂ, ಹಿಂದಿನ ಸ್ಪೀಕರಿನ್ಯಾಗ ಗುಂಡು ಕಡಿಮಿ ಬರ್ತಾವ್ರಿ. ಮಳಿ ಗಾಳಿನ ಹೆಚ್ಚ.” ಮಳೆಗೆ ಒಪ್ಪಿಗೆ ಸಿಕ್ಕಿತು.

ನನ್ನ ತಲೆಯಲ್ಲಿ ಉಳಿದದ್ದು ಆ ಮುಖವಿಲ್ಲದ ಮನುಷ್ಯ. ಇಡೀ ವ್ಯವಸ್ಥೆ ಅವನೊಬ್ಬನಿಗಾಗಿ. ಆಚೀಚೆ ಕೂತವರಿಗೆ ಸಿಗುವುದು ಚೂರುಪಾರು. ಅಪ್ಪನ ವಾಲ್ವ್ ರೇಡಿಯೋಕ್ಕೆ ಇಂಥ ಪಂಕ್ತಿಭೇದ ಗೊತ್ತಿರಲಿಲ್ಲ. ಅದಕ್ಕೆ ಎರಡೇ ಜೋಡಣೆ: ಒಂದು ಪ್ಲಗ್ಗಿಗೆ, ಇನ್ನೊಂದು ಜಂತಿಯ ಕೆಳಗೆ ಅಡ್ಡಲಾಗಿ ಬಿಗಿದ ತಾಮ್ರದ ಜಾಳಿಗೆಯ ಏರಿಯಲ್ಲಿಗೆ. ಪೋಸ್ಟಾಫೀಸಿಗೆ ಹೋಗಿ ಲೈಸೆನ್ಸಿನ ಹಣ ಕಟ್ಟಿಬಂದರೆ ಮುಗಿಯಿತು. 1950ರಲ್ಲಿ ಶುರುವಾದ ಧಾರವಾಡದ ಆಕಾಶವಾಣಿ ಒಂದು ಕಡೆ, ಮಗ್ಗುಲ ಸಾಂಗಲಿಯದು ಇನ್ನೊಂದು ಕಡೆ. ಮುಳ್ಳು ತುಸು ಸರಿದರೆ ಕನ್ನಡದ ಪೇಟೆಧಾರಣೆಯೊಳಗೆ ಮರಾಠಿ ಅಭಂಗ ನುಗ್ಗುತ್ತಿತ್ತು. ರೇಡಿಯೋದ ಎದುರು ಕೂತು ಕೇಳಿದವರನ್ನು ನಾನು ಕಂಡಿಲ್ಲ. ಅಪ್ಪ ಲೆಕ್ಕ ಬರೆಯುತ್ತ, ಆಯಿ ಹೂಬತ್ತಿ ಮಾಡುತ್ತ, ಕಾಕಾ ಹೊರಗೆ ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತ ಕೇಳುತ್ತಿದ್ದರು. ಅವ್ವನದು ಅಡುಗೆಮನೆಯ ಪಾಲು. ರೊಟ್ಟಿ ಬಡಿಯುವ ಸದ್ದಿನಲ್ಲಿ ಅವಳಿಗೆ ತಪ್ಪಿದ್ದನ್ನು ಪಡಸಾಲೆಯಿಂದ ಯಾರಾದರೂ ಕೂಗಿ ಹೇಳಬೇಕು. ಹಾಗೆ ಹೇಳುವಾಗ ಉಳಿದವರಿಗೆ ಮುಂದಿನದು ತಪ್ಪುತ್ತಿತ್ತು. ಆಮೇಲೆ ಅದರ ಜಗಳ.

ದನಿ ಎಲ್ಲಿಂದ ಬರಬೇಕೆಂಬ ಚಿಂತೆ ಇಂಗ್ಲೆಂಡಿನ ಅಲನ್ ಬ್ಲೂಮ್ಲೈನ್ ಎಂಬಾತನಿಗೆ ಹತ್ತಿದ್ದು ಮುಂದೆ ಹೆಂಡತಿಯಾಗಲಿದ್ದವಳೊಡನೆ ಸಿನಿಮಾಕ್ಕೆ ಹೋದಾಗ. ಪರದೆಯ ಮೇಲಿನವನು ಆ ಬದಿಗೆ ನಡೆದು ಹೋದರೂ ಮಾತು ಈ ಬದಿಯಿಂದಲೇ ಬರುತ್ತಿತ್ತು. 1931ರಲ್ಲಿ ಆತ ಸ್ಟಿರಿಯೋ ವಿದ್ಯೆಗೆ ಪೇಟೆಂಟ್ ಅರ್ಜಿ ಹಾಕಿದ. ಮದುವೆಯಾಗುವ ಹುಡುಗಿಯೊಡನೆ ಸಿನಿಮಾಕ್ಕೆ ಹೋಗಿ ದನಿಯನ್ನೇ ಗಮನಿಸುತ್ತ ಕೂತವನ ಮುಂದಿನ ಸಂಸಾರ ಹೇಗಿತ್ತೋ. 1975ರ ‘ಶೋಲೆ’ಯ ಸುದ್ದಿಯೂ ನಮಗೆ ಹೀಗೆಯೇ ಮುಟ್ಟಿತ್ತು: ಮುಂಬಯಿಯ ದೊಡ್ಡ ಥಿಯೇಟರಿನಲ್ಲಿ ನಾಣ್ಯ ಚಿಮ್ಮಿದಾಗ ಜನ ಬಗ್ಗಿ ಕುರ್ಚಿಯ ಕೆಳಗೆ ಹುಡುಕಿದರಂತೆ. ನಾವು ನೋಡಿದ ಟಾಕೀಸಿನಲ್ಲಿದ್ದುದು ಪರದೆಯ ಹಿಂದಿನ ಒಂದೇ ಸ್ಪೀಕರು. ನಾಣ್ಯ ಪರದೆಯೊಳಗೇ ಬಿತ್ತು; ಯಾರೂ ಬಗ್ಗಲಿಲ್ಲ.

ವಾಯರೆಲ್ಲ ಕೂಡಿದ ಮೇಲೆ ಅಳತೆಯ ಕೆಲಸ. ಮುಖವಿಲ್ಲದವನ ಕಿವಿಯ ಎತ್ತರಕ್ಕೆ ಪುಟ್ಟ ಮೈಕು ಇಡಬೇಕು. ರಿಸೀವರು ಪ್ರತಿ ಸ್ಪೀಕರಿನಿಂದಲೂ ಸರದಿಯಂತೆ ಚೀರಿಸಿ, ದನಿ ಬಂದು ಮುಟ್ಟುವ ಹೊತ್ತು ನೋಡಿ ದೂರ ಲೆಕ್ಕ ಹಾಕಿಕೊಳ್ಳುತ್ತದೆ. ಆಗ ಮನೆ ನಿಶ್ಶಬ್ದವಾಗಿರಬೇಕು. ಮನೆಯಲ್ಲಿ ಈಗ ನಾವಿಬ್ಬರೇ, ಅಲ್ಲಿ ಕೊರತೆಯಿಲ್ಲ. ಆದರೆ ಹೊರಗೆ ಕಬ್ಬಿನ ಸೀಸನ್. ಎರಡೆರಡು ಟ್ರೇಲಿ ಎಳೆದುಕೊಂಡು ಉಗಾರದ ಕಡೆ ಹೋಗುವ ಟ್ರ್ಯಾಕ್ಟರುಗಳಲ್ಲಿ ಡೆಕ್ ಹಚ್ಚದೆ ಹೊರಟದ್ದು ಒಂದೂ ಇಲ್ಲ. ಮೈಕಿಗೆ ಅವೆಲ್ಲ ಕೇಳಿ, ಸುತ್ತಲಿನ ಸದ್ದು ಹೆಚ್ಚಾಯಿತೆಂದು ಪರದೆಯ ಮೇಲೆ ಬರೆದು ನಿಂತಿತು. ಕಡೆಗೆ ಸರುರಾತ್ರಿ, ಎರಡು ಟ್ರ್ಯಾಕ್ಟರಿನ ನಡುವಿನ ಸಂದಿನಲ್ಲಿ, ಮದುವೆಯ ಮುಹೂರ್ತ ಹಿಡಿದಂತೆ ಹಿಡಿದೆವು.

ಮೊದಲ ಹಾಡು ಯಾವುದೆಂಬ ಪ್ರಶ್ನೆಯೇ ಇರಲಿಲ್ಲ. ಗಡಿ ದಾಟಿದರೆ ಮಿರಜ. 1937ರಲ್ಲಿ ತೀರಿಕೊಂಡ ಅಬ್ದುಲ್ ಕರೀಂ ಖಾನರ ಗೋರಿ ಅಲ್ಲಿಯ ದರ್ಗಾದಲ್ಲಿದೆ. ಕುಂದಗೋಳದ ಸವಾಯಿ ಗಂಧರ್ವರ ಗುರು ಅವರು. ಅವರ ತಟ್ಟೆ ಕೇಳಿದ ಹುಚ್ಚಿಗೇ ಗದಗಿನ ಹುಡುಗ ಭೀಮಸೇನ ಜೋಶಿ 1933ರಲ್ಲಿ ಮನೆ ಬಿಟ್ಟು ಗುರುವನ್ನು ಹುಡುಕುತ್ತ ಹೋದದ್ದು. ಖಾನ್ ಸಾಹೇಬರ ಠುಮ್ರಿ ಹಚ್ಚಿದೆ. ಎದುರಿನಿಂದ ಮಾತ್ರ ಬಂತು.

“ಕಾಕಾ, ಹಿಂದಿನ್ವು ಸತ್ತಾವೇನ್ರಿ?” ಹುಡುಗ ಗಾಬರಿಯಾದ.

ಸತ್ತಿರಲಿಲ್ಲ. ಖಾನ್ ಸಾಹೇಬರು ಹಾಡಿದ್ದು ಒಂದೇ ಮೈಕಿಗೆ. ಹಿಂದಿನ ಸ್ಪೀಕರಿಗೆ ಕೊಡಲು ಅದರಲ್ಲಿ ಏನೂ ಇಲ್ಲ. ರಿಮೋಟಿನಲ್ಲಿ ಎಲ್ಲ ಸ್ಪೀಕರಿಗೂ ಅದೇ ದನಿ ಹಂಚುವ ಒಂದು ಗುಂಡಿ ಇದೆ. ಪರಿಣತರು ಅದನ್ನು ಕಂಡರೆ ಮೂಗು ಮುರಿಯುತ್ತಾರೆ. ಒತ್ತಿದೆವು. ಒಳಗಿನಿಂದ ನಮ್ಮಾಕಿಯ ದನಿ: “ಇಲ್ಲೆ ಏನೂ ಕೇಳವಲ್ದು!”

ಹುಡುಗನಿಗೆ ಉಪಾಯ ಹೊಳೆಯಲು ತಡವಾಗಲಿಲ್ಲ. ಕಂಬದ ಬಳಿಯ ಎಡ ಹಿಂದಿನ ಸ್ಪೀಕರನ್ನು ಬಿಚ್ಚಿ, ವಾಯರಿಗೆ ವಾಯರು ಕೂಡಿಸಿ, ಜಂತಿಗುಂಟ ಎಳೆದು ಅಡುಗೆಮನೆಯ ಡಬ್ಬಿಗಳ ಹಲಗೆಯ ಮೇಲೆ ಇಟ್ಟ. ಅಳತೆಯೆಲ್ಲ ನೀರಿಗೆ ಹೋಯಿತು. ಖಾನ್ ಸಾಹೇಬರು ಒಲೆಯ ಮಗ್ಗುಲಿಗೆ ಹೋಗಿ ನಿಂತು ಹಾಡಿದರು.

ಮಗ ಫೋನಿನಲ್ಲಿ ಕೇಳಿದ, “ಅಪ್ಪಾ, ಸರೌಂಡ್ ಲೆಫ್ಟ್ ಸರಿಯಾಗಿ ಬಂತೇನು?”

“ಒಲಿ ಮುಂದ ಐತಿ,” ಅಂದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ.

ಒಂದೇ ಎಡವಟ್ಟು. ಹಾಡು ಮುಗಿದು ಸಿನಿಮಾ ಹಚ್ಚಿದರೆ ಎಡ ಹಿಂಭಾಗದ ಸದ್ದೆಲ್ಲ ನೇರ ಅಡುಗೆಮನೆಗೆ ಹೋಗುತ್ತದೆ. ಮೊನ್ನೆ ಸಂಜೆ ಪಿಕ್ಚರಿನಲ್ಲಿ ಯಾರೋ ಬಾಗಿಲು ಬಡಿದರು. ಪಡಸಾಲೆಯಲ್ಲಿ ನನಗೆ ಅರೆಬರೆ ಕೇಳಿಸಿತು. ನಮ್ಮಾಕಿ ಒಲೆ ಸಣ್ಣ ಮಾಡಿ, ಸೆರಗು ಸರಿಮಾಡಿಕೊಂಡು ಹಿತ್ತಲ ಬಾಗಿಲು ತೆಗೆದು ನೋಡಿದಳು.

“ಯಾರೂ ಇಲ್ರಿ,” ಎಂದು ಅಲ್ಲಿಂದಲೇ ಕೂಗಿದಳು. “ಹ್ಯಾಂಗೂ ಬಾಗ್ಲಾ ತಗದೇನಿ, ಎಮ್ಮಿಗೆ ನೀರ ಇಟ್ಟ ಬರ್ತೀನಿ. ಅಷ್ಟರಾಗ ಏನಾತು ಹೇಳ್ರಿ ಆಮ್ಯಾಲೆ.”